ಊರು ನೋಡಲು ಕೂತವಳು

"ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದ್ಬಿಟ್ಟೆ!" ಎನ್ನುತ್ತ ಮುದುಕ ಲೆಂಪ್ಕೆ ಬಸ್ಸಿನಿಂದ ಇಳಿದ. ಅವನ ಮನೆಯಲ್ಲಿ ಹಾಲೂ ಇರಲಿಲ್ಲ, ಹೇಳಿಕೊಳ್ಳುವಂಥ ಒಲೆಯೂ ಇರಲಿಲ್ಲ.

ನ್ಯೂಯಾರ್ಕಿನಲ್ಲಿ ಊರು ತೋರಿಸುವ ಮೋಟಾರು ಬಸ್ಸುಗಳು ಆಗಿನ್ನೂ ಹೊಸವು. ಖಾಲಿ ಬಸ್ಸಿಗೆ ಯಾರೂ ಹತ್ತುವುದಿಲ್ಲವೆಂದು ಬಸ್ಸಿನವರು ಲೆಂಪ್ಕೆಯಂಥ ನಾಲ್ಕಾರು ಜನರನ್ನು ಕೂಲಿ ಕೊಟ್ಟು ಕೂರಿಸುತ್ತಿದ್ದರು. ನಿಜವಾದ ಪ್ರವಾಸಿಗಳು ಬಂದಂತೆ ಇವರು ಒಬ್ಬೊಬ್ಬರಾಗಿ ನೆಪ ಹೇಳಿ ಜಾಗ ಬಿಡಬೇಕು. ವಿಧವೆ ಹೊನೋರಾ ಟೂಹಿಯ ನೆಪ ತಲೆನೋವು. ಹೊಲಿಗೆಯಿಂದ ಹೊಟ್ಟೆ ತುಂಬದೆ ಈ ಕೆಲಸ ಹಿಡಿದಿದ್ದಳು. ಮರ್ಯಾದಸ್ಥರದೆಂದು ಕಾಣುವ ಟೋಪಿಯೊಂದು ಇದ್ದದ್ದೇ ಅವಳ ಅರ್ಹತೆ. ಚಳಿಗಾಲ ಕಳೆದು ಬೇಸಿಗೆ ಬಂದರೂ ಆ ಬಸ್ಸು ಅವಳನ್ನು ಹೊತ್ತು ಗೇಣು ದೂರ ಹೋಗಿರಲಿಲ್ಲ.

ಆ ದಿನ ಅವಳ ಪಕ್ಕಕ್ಕೆ ಓಹಾಯೋದ ರೈತನೊಬ್ಬನ ಹೆಂಡತಿ, ಮಿಸೆಸ್ ಹಿಲ್ಡ್ರೆತ್, ಬಂದು ಕೂತಳು. ಹಿಂದಿನ ಬೆಂಚಿನಲ್ಲಿ ಅವಳ ಗಂಡ, ಮೈದುನರು, ಓರಗಿತ್ತಿಯರು. ಕುದುರೆಯಿಲ್ಲದ ಗಾಡಿಯನ್ನು ಅವರ್ಯಾರೂ ಹತ್ತಿದವರಲ್ಲ.

"ನಿಮಗೆ ಭಯ ಆಗಲ್ವೇನ್ರೀ?"

"ಭಯ ಯಾತಕ್ಕೆ? ದಿನಾ ಕೂರ್ತೀನಲ್ಲ," ಎಂದಳು ಹೊನೋರಾ. ಸುಳ್ಳೇನಲ್ಲ.

"ಹಾಗಾದ್ರೆ ನನ್ನ ಕೈ ಹಿಡ್ಕೊಂಡಿರಿ ತಾಯಿ."

ಕೆಳಗಿನಿಂದ ಮ್ಯಾಲಕಿ ಕ್ರೀನ್ ಕೆಮ್ಮಿದ. ತಗಡಿನ ಕಹಳೆ ಬಾಯಿಗಿಟ್ಟುಕೊಂಡು ದಾರಿಯುದ್ದಕ್ಕೂ ಊರಿನ ವರ್ಣನೆ ಮಾಡುವವನು ಅವನು. ಅವನು ಕೆಮ್ಮಿದನೆಂದರೆ ಇಳಿ ಎಂದರ್ಥ. ಹೊನೋರಾ ಏಳದಿದ್ದಾಗ ಅದು ಕ್ಷಯರೋಗಿಯ ಕೆಮ್ಮಾಯಿತು.

"ಯಾಕೋ ತಲೆ ನೋಯ್ತಿದೆ," ಎಂದು ಅವಳೆದ್ದಳು. ಕೈ ಬಿಡದೆ ಮಿಸೆಸ್ ಹಿಲ್ಡ್ರೆತ್ ಕೂಡ ಎದ್ದಳು. "ನೀವಿಳಿದ್ರೆ ನಾನೂ ಇಳೀತೀನಿ." ಅವಳೆದ್ದದ್ದು ಕಂಡು ಗಂಡ ಎದ್ದ. ಇಡೀ ಬೆಂಚೇ ಎದ್ದು ನಿಂತಿತು.

ಕ್ರೀನನ ಕೆಮ್ಮು ತಟ್ಟನೆ ವಾಸಿಯಾಯಿತು. "ಕೂತ್ಕೊಳ್ಳಿ ಮಹಾತಾಯಿ! ತಲೆನೋವಿಗೆ ಗಾಳಿಗಿಂತ ಮದ್ದಿಲ್ಲ!"

ಬಸ್ಸು ಗುಡುಗಿ ಮುಂದಕ್ಕೆ ನೆಗೆಯಿತು. ಎಲ್ಲರೂ ಕಿರುಚಿದರು; ಉಳಿದವರು ನಿಲ್ಲಿಸಿದ ಮೇಲೂ ಹೊನೋರಾ ಕಿರುಚುತ್ತಲೇ ಇದ್ದಳು.

"ದಿನಾ ಕೂರ್ತೀನಿ ಅಂದ್ರಿ?"

"ಕೂರ್ತೀನಿ ಕಣಮ್ಮಾ. ಓಡತ್ತೆ ಅಂತ ಯಾರು ಹೇಳಿದ್ರು?"

ಫಿಫ್ತ್ ಅವೆನ್ಯೂಗೆ ಬರುವಷ್ಟರಲ್ಲಿ ಭಯ ಹೋಗಿತ್ತು. ಕೋಟೀಶ್ವರರ ಮನೆಗಳನ್ನು ಕ್ರೀನ್ ಒಂದೊಂದಾಗಿ ಬಣ್ಣಿಸುತ್ತಿದ್ದ. "ಇಷ್ಟು ಕಿಟಕಿ ಒರೆಸೋರು ಯಾರಪ್ಪಾ, ದೇವ್ರೇ!" ಎಂದಳು ಹೊನೋರಾ. ಎಷ್ಟೋ ವರ್ಷ ಇದೇ ಊರಿನಲ್ಲಿದ್ದವಳು ಮದುವೆಮನೆಗೆ ಬಂದ ಮಗುವಿನಂತೆ ಅತ್ತಿತ್ತ ಕತ್ತು ತಿರುಗಿಸುತ್ತಿದ್ದಳು.

ಆಮೇಲೆ ಬಸ್ಸು ದಕ್ಷಿಣಕ್ಕೆ ಹೊರಳಿ, ಬಡವರ ಬೋವರಿ ರಸ್ತೆ ದಾಟಿ, ಕಿರಿದಾದ ಬೀದಿಯೊಂದಕ್ಕೆ ನುಗ್ಗಿ ನಿಂತಿತು. ಹೊನೋರಾಳ ಮುಖ ಬಿಗಿಯಿತು. ಕ್ರೀನ್ ದನಿ ತಗ್ಗಿಸಿದ.

"ಕೈಚೀಲ ಜೋಪಾನ, ಮಹನೀಯರೇ! ಈ ಬೀದಿಯ ಹೆಂಗಸರು ಚಾಕುವಿಲ್ಲದೆ ನಲ್ಲಿಗೂ ಹೋಗುವುದಿಲ್ಲ. ಅಗೋ, ಮೂರನೇ ಮಹಡಿ, ಲಂಗ ಒಣಗುತ್ತಿರುವ ಕಿಟಕಿ. ಅಲ್ಲೇ ಒಬ್ಬಳು ಗಂಡನಿಗೆ ವಿಷವಿಕ್ಕಿ ಕೊಂದದ್ದು!"

ಎಲ್ಲ ಕತ್ತುಗಳೂ ಮೇಲೆದ್ದವು. ಲಂಗ ಹೊನೋರಾಳದು. ಕಿಟಕಿಯೂ ಅವಳದೇ.

"ಎಲೋ ಮ್ಯಾಲಕಿ!" ಅವಳು ಬೆಂಚಿನಿಂದ ಎದ್ದು ನಿಂತಳು. "ಯಾರೋ ವಿಷ ಹಾಕಿದ್ದು? ನನ್ನ ಡೆನಿಸ್ ನ್ಯುಮೋನಿಯಾದಲ್ಲಿ ಹೋದ ಕಣೋ! ನನ್ನ ತೊಡೆ ಮೇಲೆ ತಲೆಯಿಟ್ಟು ಹೋದ!"

"ನಿಮ್ಮ ಮನೆ ಅಂತ ಗೊತ್ತಿರ್ಲಿಲ್ಲ ತಾಯಿ," ಎಂದ ಕ್ರೀನ್. "ಯಾವ್ದೋ ಒಂದು ಕಿಟಕಿ ಬೇಕಿತ್ತು." ಗಾಬರಿಯಲ್ಲಿ ಬಾಯಿಯಿಂದ ಕಹಳೆ ತೆಗೆಯುವುದನ್ನು ಮರೆತಿದ್ದರಿಂದ ಇದು ಇಡೀ ಬೀದಿಗೆ ಕೇಳಿಸಿತು.

ಮೆಟ್ಟಿಲ ಮೇಲೆ ಆಲೂಗಡ್ಡೆ ಸುಲಿಯುತ್ತಿದ್ದ ನೆರೆಮನೆಯ ಪೆಗ್ ತಲೆಯೆತ್ತಿದಳು. "ಹೊನೋರಾ! ನಮ್ಮನ್ನ ನೋಡೋಕೆ ಟಿಕೆಟ್ ತಗೊಂಡ್ಯೇನೇ? ಬಾಗಿಲು ತಟ್ಟಿದ್ರೆ ಪುಕ್ಕಟೆ ಸಿಕ್ತಿದ್ವಲ್ಲೇ!"

ಬೀದಿ ನಕ್ಕಿತು. ಹೊನೋರಾ ಕುಸಿದು ಕೂತಳು. ಈಗ ಪಕ್ಕದವಳು ಕೈ ಬಿಡಿಸಿಕೊಳ್ಳುತ್ತಾಳೆ ಎಂದುಕೊಂಡು ತಾನೇ ಬೆರಳು ಸಡಿಲಿಸಿದಳು. ಮಿಸೆಸ್ ಹಿಲ್ಡ್ರೆತ್ ಬಿಡಲಿಲ್ಲ.

"ನನ್ನ ಮೊದಲನೇ ಮಗಳೂ ನ್ಯುಮೋನಿಯಾದಲ್ಲೇ ಹೋದ್ಳು," ಎಂದಳು, ಸಣ್ಣಗೆ.

ಹೊನೋರಾ ಅವಳ ಕೈಯನ್ನು ಮತ್ತೆ ಬಿಗಿಯಾಗಿ ಹಿಡಿದಳು. ಆಮೇಲೆ, "ಬನ್ನಿ, ಒಂದು ಲೋಟ ಟೀ ಕುಡಿದು ಹೋಗುವಿರಂತೆ," ಎಂದು ಟೋಪಿ ಸರಿಮಾಡಿಕೊಂಡಳು.

ಇಬ್ಬರೂ ಇಳಿದರು. ಹಿಂದೆಯೇ ಗಂಡ, ಮೈದುನರು, ಓರಗಿತ್ತಿಯರು. ಅವರ ಹಿಂದೆ, ಒಳಗೆ ಇನ್ನೂ ಏನೋ ಇದೆಯೆಂಬ ಆಸೆಯಿಂದ ಉಳಿದವರು. "ಹೊತ್ತಾಗತ್ತೆ! ಚೀನೀಯರ ಬೀದಿ ನೋಡೋದಿದೆ!" ಎಂದು ಕ್ರೀನ್ ಕೂಗಿದ್ದು ಮೆಟ್ಟಿಲು ಹತ್ತುವ ಸದ್ದಿನಲ್ಲಿ ಮುಳುಗಿತು.

ಖಾಲಿ ಬಸ್ಸನ್ನು ಪೆಗ್ ಒಂದು ಸುತ್ತು ಹಾಕಿ ನೋಡಿದಳು. ಆಲೂಗಡ್ಡೆಯ ಬೋಗುಣಿ ಕಂಕುಳಲ್ಲಿಟ್ಟುಕೊಂಡು ಹತ್ತಿ ಮುಂದಿನ ಬೆಂಚಿನಲ್ಲಿ ಕೂತಳು. ಬೀದಿಯ ಹೆಂಗಸರು ಕೂಸುಗಳನ್ನೆತ್ತಿಕೊಂಡು ಹಿಂದಿನ ಬೆಂಚುಗಳನ್ನು ತುಂಬಿದರು.

"ಹೂಂ, ಹೇಳಪ್ಪಾ," ಎಂದಳು ಪೆಗ್.

ಮೂರನೇ ಮಹಡಿಯ ಕಿಟಕಿಯಲ್ಲಿ ಪರವೂರಿನ ಟೋಪಿಗಳು ಒತ್ತೊತ್ತಾಗಿ ಇಣುಕಿ ಕೆಳಗೆ ನೋಡುತ್ತಿದ್ದವು. ಬಸ್ಸಿನ ತುಂಬ ಹೆಂಗಸರು ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಕ್ರೀನ್ ಕಹಳೆಯನ್ನು ಮೇಲಕ್ಕೊಮ್ಮೆ ತಿರುಗಿಸಿದ, ಕೆಳಕ್ಕೊಮ್ಮೆ ತಿರುಗಿಸಿದ.