ಅತ್ತೆಯ ಕಾರಿನ ಮುಂಚಕ್ರ

ಕೊರೆಯುತ್ತಿದೆ, ಅಂಗೈಯಲ್ಲಿ ಬಿಸ್ಕೆಟ್ಟಿನಗಲದ ಉಕ್ಕಿನ ಉಂಗುರ, ಹೊಸ ಬೇರಿಂಗು, ಫ್ರೀಜರಿನಿಂದ ಈಗಷ್ಟೇ ತೆಗೆದದ್ದು, ಬೆಣ್ಣೆಯ ಪಕ್ಕದಲ್ಲೇ ಮಲಗಿತ್ತು, ಬೆಳಿಗ್ಗೆ ಇವಳು ನೋಡಿ, ಏನ್ರೀ ಇದು, ಕೇಕಿಗೆ ಹಾಕ್ತೀರಾ, ಅಂದಳು — ಹಾಕೋದು ನಿಮ್ಮಮ್ಮನ ಕಾರಿಗೆ ಕಣೇ, ತಣ್ಣಗಾದರೆ ಉಕ್ಕು ಕೂದಲೆಳೆಯಷ್ಟು ಕುಗ್ಗುತ್ತದೆ, ಬಿಸಿಯಾದರೆ ಹಿಗ್ಗುತ್ತದೆ, ಅದಕ್ಕೇ ಚಕ್ರದ ಹಬ್ಬನ್ನು, ಬೇರಿಂಗ್ ಕೂರುವ ನಡುಗುಂಬವನ್ನು, ಬನ್ನು ಬೆಂದ ಒಲೆಯಲ್ಲಿ ಉಳಿದ ಕಾವಿಗೆ ಇಟ್ಟಿದ್ದೇನೆ, ಬೇಕರಿಯವನಿಗೆ ಇಷ್ಟಾದರೂ ಗೊತ್ತಿರಬೇಡವೇ — ಸಂಜೆಯೊಳಗೆ ಆಗಲೇಬೇಕು, ಇವತ್ತಿಗೆ ಅತ್ತೆಯ ಲೈಸೆನ್ಸ್ ಮುಗಿಯುತ್ತದೆ, ಮತ್ತೆ ಮಾಡಿಸಲ್ಲ ಅಂದುಬಿಟ್ಟಿದ್ದಾರೆ, ಮಂಡಿ ನನ್ನ ಮಾತು ಕೇಳಲ್ಲ ಅಳಿಯಂದ್ರೇ, ಕೊನೇ ಸಲ ನನ್ನ ಕಾರು ನಾನೇ ಓಡಿಸ್ತೀನಿ, ಆಮೇಲೆ ಕೀಲಿ ನಿಮಗೆ — ಓಡಿಸುವುದಾದರೂ ಹೇಗೆ, ಬೇರಿಂಗ್ ಸವೆದು ಮುಂಚಕ್ರ ಗರಗರ ಅನ್ನುತ್ತಿತ್ತು, ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆ, ಕಾರಿನ ಹೆಸರು ಹೇಳಿದರೆ ಸಾಕು ನಗುತ್ತಾರೆ, ಅದಿನ್ನೂ ಇದೆಯಾ ಸಾರ್, ಒಬ್ಬನಂತೂ ಕೈಮುಗಿದೇಬಿಟ್ಟ, ಕಡೆಗೆ ಇವಳೇ ಹಳೆಯ ಬೇರಿಂಗನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ಅಂಚಲ್ಲಿ ಏನೋ ನಂಬರಿದೆ ನೋಡ್ರೀ, ಅಂದಳು — ನಮ್ಮ ಬೇಕರಿಯ ಎದುರಿಗೇ ಇರುವ ಮೋಟರ್ ರಿಪೇರಿಯವನು, ಕಾರಿನ ಹೆಸರು ಬೇಡ, ನಂಬರ್ ಹೇಳಿ, ಅಂದ, ಹೇಳಿದೆ, ನೀರೆತ್ತೋ ಮೋಟರಿಗೂ ಇದೇ ಸಾರ್, ಎಷ್ಟು ಬೇಕು — ಎಷ್ಟು ಬೇಕಂತೆ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು, ಅಲ್ಲೇ ನಿಂತು ಗಹಗಹಿಸಿ ನಕ್ಕೆ, ಅವನಿಗೆ ಯಾಕೆಂದು ಗೊತ್ತಾಗಲಿಲ್ಲ.

ಟಪ್, ಇಳಿಯಿತು, ಉಂಗುರ ಹಬ್ಬಿನೊಳಗೆ ತಾನಾಗಿ ಕೂತಿತು, ಸುತ್ತಿಗೆಯೇ ಬೇಕಾಗಲಿಲ್ಲ, ಆರಲಿ, ಇನ್ನು ಗ್ರೀಸು, ಅಂಗೈಯಲ್ಲಿ ಇಟ್ಟುಕೊಂಡು ಬೇರಿಂಗಿನ ಗುಂಡುಗಳ ಸಂದಿಗೆ ಒತ್ತಬೇಕು, ಆ ಕಡೆಯಿಂದ ಉಕ್ಕಿ ಬರುವ ತನಕ, ದಿನಾ ಹಿಟ್ಟು ನಾದುವ ಕೈಗೆ ಇದೇನು ಮಹಾ, ಒತ್ತುತ್ತಿದ್ದೇನೆ, ಸಿಳ್ಳೆ ತಾನೇ ತಾನಾಗಿ ಬರುತ್ತಿದೆ — ಅಯ್ಯೋ ಇದೇನಿದು ಬೆಳ್ಳಗೆ, ಮೈದಾ! ಅಂಟಬಾರದು ಅಂತ ಹಿಟ್ಟಿನ ತಟ್ಟೆಗೆ ಕೈ ಅದ್ದಿದ್ದೇನೆ, ಯಾವಾಗ ಅದ್ದಿದೆನೋ ದೇವರಾಣೆ ಗೊತ್ತಿಲ್ಲ, ಕೈ ನನ್ನನ್ನು ಕೇಳಲೇ ಇಲ್ಲ, ಬೇರಿಂಗಿನೊಳಗೆಲ್ಲ ಹಿಟ್ಟು, ಹುಟ್ಟುಗುಣ ಸುಟ್ಟರೂ ಹೋಗದು — ಬಾಗಿಲಲ್ಲಿ ಅತ್ತೆ, ಚೂರು ಸಕ್ಕರೇನೂ ಹಾಕಿಬಿಡಿ ಅಳಿಯಂದ್ರೇ, ಬೇಯಿಸಿ ಮಾರೋಣ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ನಗಲಿ, ಬಿಸಿಲು ಇಳಿಯುತ್ತಿದೆ, ಸೀಮೆಎಣ್ಣೆಯಲ್ಲಿ ತೊಳೆ, ಒರೆಸು, ಮತ್ತೆ ಗ್ರೀಸು, ಬೇಗ, ಹಬ್ಬು ಏರಿಸು, ನಟ್ಟು ಬಿಗಿ, ಇನ್ನಷ್ಟು ಬಿಗಿ — ಸಾಕು ಸಾಕು, ತೀರಾ ಬಿಗಿದ್ರೆ ತಿರುಗಲ್ಲ, ಅಳಿಯನ ಥರ ಅದಕ್ಕೂ ಚೂರು ಸಡಿಲ ಬಿಡಬೇಕು, ಅತ್ತೆ ಹೇಳಿದ ಮೇಲೆ ಮುಗಿಯಿತು, ಒಂದು ಎಳೆ ಸಡಿಲಿಸಿದೆ, ಪಿನ್ನು ಸಿಕ್ಕಿಸಿದೆ, ಚಕ್ರ ಹಾಕಿ ತಟ್ಟಿದರೆ — ತಿರುಗುತ್ತಿದೆ, ತಿರುಗುತ್ತಲೇ ಇದೆ, ಸದ್ದೇ ಇಲ್ಲ, ಖುಷಿಗೆ ನನ್ನ ಕಣ್ಣು ತುಂಬಿಬಂತು, ಗ್ರೀಸು ಕೈಯಲ್ಲೇ ಒರೆಸಿಕೊಂಡೆ.

ಹೊರಟರು, ಪಕ್ಕದಲ್ಲಿ ಇವಳು, ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿ ಒಂದೇ ಸುತ್ತು, ವಾಪಸ್ ಮನೆಗೆ, ಅಂತ ಮಾತಾಗಿದೆ, ಚಕ್ರ ನೋಡಬೇಕೆಂದು ನಾನು ಹತ್ತದೆ ಬೀದಿಯಲ್ಲೇ ನಿಂತಿದ್ದೇನೆ, ನಡುಕವಿಲ್ಲ, ಗರಗರ ಇಲ್ಲ, ಬೀದಿಯ ತುದಿ ಬಂತು, ಎಡಕ್ಕೆ ಅತ್ತೆ, ಎಡಕ್ಕೆ — ಕಿಟಕಿಯಿಂದ ಕೈ ಹೊರಗೆ ಬರುತ್ತಿದೆ, ನೆಟ್ಟಗೆ, ಬಲಕ್ಕೆ ಅಂತ, ಬಲಕ್ಕೆ ಹೆದ್ದಾರಿ, ಒಂದೇ ಸುತ್ತು ಅಂದಿದ್ದರಲ್ಲ, ಒಳಗೆ ಇವಳು ಕಿರುಚಿ ನಗುವುದು ಇಲ್ಲಿಗೇ ಕೇಳುತ್ತಿದೆ — ಹೋಗಿ ಅತ್ತೆ, ಹೋಗಿ, ಇವತ್ತೆಲ್ಲ ನಿಮ್ಮದೇ — ಆ ಕೈ, ಗಡಿಯಾರದ ಪಟ್ಟಿ ಸಡಿಲವಾದ ಆ ಸಣ್ಣ ಕೈ, ಕಿಟಕಿಯಿಂದ ಹೊರಗೆ, ನೆಟ್ಟಗೆ, ಬಲಕ್ಕೆ