ಪತ್ತೇದಾರ ಸಿದ್ದಲಿಂಗನ ಮದುವೆ

ಶನಿವಾರ, ಭಾನುವಾರ ಸಂಜೆ ಟೀವಿಯಲ್ಲಿ ಬರುವ ಪತ್ತೇದಾರ ಸಿದ್ದಲಿಂಗನಿಗೆ ಹೆಂಡತಿಯಿಲ್ಲ ಎಂದು ತೀರ್ಮಾನಿಸಿದವಳು ಸ್ಮಿತಾ. ಆ ಧಾರಾವಾಹಿ ಬರೆಯುವವಳೇ ಅವಳು. ಪೊಲೀಸ್ ಕೆಲಸ ಬಿಟ್ಟು, ಯಲಹಂಕದ ಹಳೇ ಬೀದಿಯೊಂದರಲ್ಲಿ ಮಗಳೊಂದಿಗೆ ಇರುವ ಮನುಷ್ಯ ಸಿದ್ದಲಿಂಗ. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ. ಕೊಲೆಗಾರನನ್ನು ಹಿಡಿದು ಬಂದ ದಿನವೂ ಮಗಳ ಯೂನಿಫಾರಂಗೆ ಇಸ್ತ್ರಿ ಹಾಕದೆ ಮಲಗುವವನಲ್ಲ. ಜನ ಅವನನ್ನು ಮೆಚ್ಚಿದ್ದು ಕೊಲೆಗಾರರನ್ನು ಹಿಡಿದದ್ದಕ್ಕಿಂತ ಹೆಚ್ಚಾಗಿ ಆ ಇಸ್ತ್ರಿಗೇ.

ಇಸ್ತ್ರಿ ಹಾಕುತ್ತಿದ್ದವರು ನಿಜವಾಗಿ ಸ್ಮಿತಾಳ ಅಪ್ಪ ಶಿವಪ್ಪನವರು. ಬಾಗಲಕೋಟೆ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ನಡೆಸಿ ನಿವೃತ್ತರಾದವರು. ಸ್ಮಿತಾ ಐದನೇ ಕ್ಲಾಸಿನಲ್ಲಿದ್ದಾಗ ಅವಳ ತಾಯಿ ದಾಕ್ಷಾಯಣಿ ತೀರಿಕೊಂಡರು. ಊರಿನಿಂದ ನೆಂಟರು ಬಂದು ಇನ್ನೊಂದು ಹೆಣ್ಣಿನ ಮಾತೆತ್ತಿದಾಗಲೆಲ್ಲ ಶಿವಪ್ಪನವರದು ಒಂದೇ ಉತ್ತರ: “ನನ್ನ ಮಗಳು ಅದಾಳ, ಸಾಕು.” ಬಾಗಿಲ ಹಿಂದೆ ನಿಂತು ಆ ಮಾತು ಕೇಳಿಸಿಕೊಂಡ ಹುಡುಗಿ, ದೊಡ್ಡವಳಾದ ಮೇಲೆ ಅದನ್ನು ಸಿದ್ದಲಿಂಗನ ಬಾಯಿಗೆ ಹಾಕಿದಳು. ಆ ಕಂತು ಬಂದಾಗ ಎಷ್ಟೋ ಮನೆಗಳಲ್ಲಿ ಜನ ಕಣ್ಣೊರೆಸಿಕೊಂಡರಂತೆ.

ಹೀಗಿರುವಾಗ ಚಾನೆಲ್‌ನ ಹೇಮಂತ ಒಂದು ದಿನ ಅವಳನ್ನು ಕರೆಸಿದ.

“ಸ್ಮಿತಾ, ಜನಕ್ಕೆ ಸಿದ್ದಲಿಂಗನ ಮದುವೆ ನೋಡ್ಬೇಕಂತೆ. ಆ ಲಾಯರಮ್ಮ ಇದ್ದಾರಲ್ಲ, ಅವರ ಜೊತೆ ಸೆಟ್ ಮಾಡ್ಬಿಡಿ.”

“ಅವನು ಅಂಥವನಲ್ಲ ಹೇಮಂತ್.”

“ಅವನು ಎಂಥವನು ಅಂತ ಬರೆಯೋದು ನೀವೇ ಅಲ್ವೇನ್ರೀ!”

ಸ್ಮಿತಾ ಜಗ್ಗಲಿಲ್ಲ. ಹೆಬ್ಬಾಳ ಕೆರೆಯ ಏರಿಯ ಮೇಲೆ ಲಾಯರಮ್ಮ ಮನಸ್ಸು ಬಿಚ್ಚಿ ಹೇಳುವಂತೆಯೂ, ಸಿದ್ದಲಿಂಗ ತನ್ನ ಹಳೇ ಮಾತನ್ನೇ ಹೇಳಿ ಕೈಮುಗಿಯುವಂತೆಯೂ ಬರೆದುಕೊಟ್ಟಳು. ಅಪ್ಪನಿಗೊಂದು ಉಡುಗೊರೆ ಕೊಟ್ಟಷ್ಟು ಸಮಾಧಾನ ಅವಳಿಗೆ.

ಶನಿವಾರ ಆ ಕಂತು ಬಂತು. ವಿದ್ಯಾರಣ್ಯಪುರದ ಮನೆಯಲ್ಲಿ ಅಪ್ಪ ಕುರ್ಚಿಯಲ್ಲಿ, ಮಗಳು ನೆಲದ ಮೇಲೆ ಅವರೆಕಾಯಿ ಸುಲಿಯುತ್ತ. ಸಿದ್ದಲಿಂಗ ಕೈಮುಗಿದ. ಲಾಯರಮ್ಮ ಕಣ್ಣು ತುಂಬಿಕೊಂಡು ಆಟೋ ಹತ್ತಿದಳು. ಶಿವಪ್ಪನವರು ರಿಮೋಟ್ ಒತ್ತಿ ಟೀವಿ ಆರಿಸಿಬಿಟ್ಟರು.

“ಇನ್ನೂ ಮುಗಿದಿಲ್ಲಪ್ಪ.”

“ನನಗ ಮುಗೀತು.”

ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. ಮರುದಿನವೂ ಕೇಳಿದ್ದಕ್ಕಷ್ಟೇ ಉತ್ತರ. ಸಂಜೆ ಸ್ಮಿತಾ ಚಹಾ ತಂದಿಟ್ಟು ಎದುರೇ ಕೂತಳು.

“ಏನಾಯ್ತು ಹೇಳು. ಚೆನ್ನಾಗಿರ್ಲಿಲ್ವಾ?”

“ಆ ಮನಿಷ್ಯಾ ಏನ್ ತಪ್ಪ ಮಾಡ್ಯಾನವ್ವಾ? ಇಡೀ ಜನ್ಮ ಒಬ್ಬನ ಇರ್ಬೇಕೇನು?”

ಸ್ಮಿತಾ ಬೆಪ್ಪಾದಳು. “ಅವನೇ ಬೇಡ ಅಂದನಲ್ಲಪ್ಪ. ಮಗಳಿಗೆ ಬೇಜಾರಾಗುತ್ತೆ ಅಂತ.”

“ಆ ಹುಡುಗಿನ್ನ ಯಾರ್ ಕೇಳ್ಯಾರ? ಎರಡು ವರ್ಷ ಆತು ನೋಡಾಕತ್ತು. ಬರ್ತಾಳ, ಬ್ಯಾಗ್ ಇಡ್ತಾಳ, ಅಪ್ಪಾ ಅಂತಾಳ, ಒಳಗ ಹೋಗ್ತಾಳ. ಆಕಿಗೆ ಏನ್ ಅನಸ್ತೈತಿ ಅಂತ ನೀ ಒಂದ್ ಮಾತರ ಬರ್ದೀಯೇನು?”

ಬರೆದಿರಲಿಲ್ಲ. ಶಿವಪ್ಪನವರು ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತರು. ಅರವತ್ತು ದಾಟಿದ ಆ ಮುಖ, ಶಾಲೆಯಲ್ಲಿ ಏನೋ ಒಡೆದು ಬಂದ ಹುಡುಗನ ಮುಖದಂತಿತ್ತು.

“ನಾ ದಿನಾ ಮುಂಜಾನೆ ವಾಕಿಂಗ್ ಅಂತ ಹೋಗ್ತೀನಲ್ಲ, ಅದು ವಾಕಿಂಗ್ ಅಲ್ಲ,” ಎಂದರು ಕೊನೆಗೆ. “ಯಲಹಂಕದ ಹತ್ರ ಕೋಗಿಲು ಐತಲ್ಲ, ಅಲ್ಲಿಗೆ ಹೋಗ್ತೀನಿ. ಕಾರ್ ಕಲ್ಯಾಕ.”

“ಕಾರಾ? ಯಾರತ್ರ?”

“ವನಿತಾ ಅಂತ. ಆಕೀದ ಡ್ರೈವಿಂಗ್ ಸ್ಕೂಲ್ ಐತಿ. ಗಂಡ ತೀರ್ಕೊಂಡಾನ, ಭಾಳ ವರ್ಷಾತು.” ಸ್ವಲ್ಪ ತಡೆದು, “ಕಾರ್ ಅಂತೂ ನಮ್ಮಲ್ಲಿ ಇಲ್ಲ. ಆದ್ರೂ ಹೋಗ್ತೀನಿ,” ಎಂದರು.

ಸ್ಮಿತಾ ಎದ್ದು ಒಳಗೆ ಹೋದಳು. ಸಿಟ್ಟೇನೂ ಬರಲಿಲ್ಲ. ಅಮ್ಮ ನೆನಪಾದಳು. ಜೊತೆಗೆ ಇನ್ನೊಂದೂ ಹೊಳೆಯಿತು. ಒಬ್ಬರೇ ನಿಂತು ಇಸ್ತ್ರಿ ಹಾಕುವ ಅಪ್ಪನೆಂದರೆ ತನಗೆ ಎಷ್ಟು ಇಷ್ಟವೆಂದರೆ, ಅವರನ್ನು ಅಲ್ಲೇ, ಆ ಇಸ್ತ್ರಿಪೆಟ್ಟಿಗೆಯ ಮುಂದೆಯೇ ನಿಲ್ಲಿಸಿಬಿಟ್ಟಿದ್ದಳು. ಅವರ ಬದುಕನ್ನು ಊರಿಗೆಲ್ಲ ಹೇಳಿದವಳು, ಅವರನ್ನೇ ಒಂದು ಮಾತೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಕೇಳಿದಳು: “ಗೇರ್ ಹಾಕೋಕೆ ಬರುತ್ತಾ?”

“ಎರಡನೇದು ಬರ್ತೈತಿ,” ಎಂದರು ಶಿವಪ್ಪನವರು, ತಲೆ ಎತ್ತದೆ. “ಮೂರನೇದಕ್ಕ ಬೈತಾಳ.”

ಸ್ಮಿತಾಳಿಗೆ ನಗು ತಡೆಯಲಾಗಲಿಲ್ಲ. ಮಗಳು ನಕ್ಕದ್ದು ನೋಡಿ ಶಿವಪ್ಪನವರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕೋಗಿಲಿಗೆ ಹೋದರು. ಸುತ್ತ ಅಪಾರ್ಟ್‌ಮೆಂಟುಗಳೆದ್ದ ಜಾಗದಲ್ಲಿ ಒಂದು ಹಳೇ ಹೆಂಚಿನ ಮನೆ, ಅಂಗಳದಲ್ಲಿ ಕೆಂಪು ‘ಎಲ್’ ಬರೆದ ಬಿಳಿ ಕಾರು. ಅದರ ಗಾಜು ಒರೆಸುತ್ತಿದ್ದ ದಪ್ಪ ಜಡೆಯ ಹೆಂಗಸು ತಿರುಗಿ ನೋಡಿ, ಬಟ್ಟೆಯನ್ನು ಬಾನೆಟ್ ಮೇಲೆ ಎಸೆದು, ಸೀದಾ ಬಂದು ಸ್ಮಿತಾಳ ಕೈ ಹಿಡಿದುಕೊಂಡಳು.

“ಬಾಮ್ಮಾ. ಮೊದ್ಲು ಮಗಳತ್ರ ಏಳ್ರೀ, ಆಮೇಲ್ ಮುಂದಿನ್ ಮಾತು ಅಂತ ನಾನು ಏಳಿ ಏಳಿ ಸಾಕಾಯ್ತು. ಇಂಗೆ ಎದರ್ಕೊಳ್ಳೋ ಗಂಡಸನ್ನ ನಾನು ನೋಡೇ ಇಲ್ಲ.”

ಶಿವಪ್ಪನವರು ಕಾರಿನ ಟೈರನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಕಾಫಿ ಬಂತು. ವನಿತಾಗೂ ಸಿದ್ದಲಿಂಗ ಗೊತ್ತಿದ್ದ. ಅವನ ಮೇಲೆ ಅವಳಿಗೆ ಒಂದೇ ದೂರು. “ಅವ್ನು ಕಾರ್ ತಿರುಗ್ಸೋದ್ ನೋಡಿದ್ರೆ ಮೈ ಉರೀತದೆ ಕಣಮ್ಮ. ಇಂಡಿಕೇಟರ್ ಆಕೋದೇ ಇಲ್ಲ!”

ಸ್ಮಿತಾ ನಗುತ್ತಲೇ, ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದನ್ನು ಹೇಳಿದಳು. “ನಮ್ಮನೇಲಿ ಅಮ್ಮನ ಫೋಟೋ ಇದೆ. ಹಾಲ್‌ನಲ್ಲೇ.”

ವನಿತಾ ಲೋಟ ಕೆಳಗಿಟ್ಟಳು. “ಅದು ಅಲ್ಲೇ ಇರ್ಲಿ. ನಮ್ ಯಜಮಾನ್ರದೂ ಒಂದೈತೆ, ಬರೋವಾಗ ತರ್ತೀನಿ. ಪಕ್ಕದಲ್ಲಿ ಜಾಗ ಐತಾ?”

ಸ್ಮಿತಾ ಇದೆಯೆಂದು ತಲೆಯಾಡಿಸಿದಳು. ಆಮೇಲೆ ಮೂವರೂ ಕಾರು ಹತ್ತಿದರು. ಶಿವಪ್ಪನವರು ಸ್ಟೀರಿಂಗ್ ಹಿಡಿದರು. ಕೋಗಿಲು ಕ್ರಾಸ್‌ನಲ್ಲಿ ಗಾಡಿ ಆಫ್ ಆಯಿತು. ಹಿಂದಿನ ಆಟೋದವನು, “ಏನ್ ಗುರು, ಇಲ್ಲೇ ಮನೆ ಮಾಡ್ತೀಯಾ?” ಎಂದು ಕೂಗಿದ. ವನಿತಾ ಕಿಟಕಿಯಿಂದ ತಲೆ ಹೊರಹಾಕಿ ಅವನಿಗೆ ಕೊಟ್ಟ ಉತ್ತರ ಕೇಳಿ, ಹಿಂದೆ ಕೂತ ಸ್ಮಿತಾ ಸೆರಗಿಲ್ಲದ್ದಕ್ಕೆ ದುಪಟ್ಟಾದಲ್ಲೇ ಬಾಯಿ ಮುಚ್ಚಿಕೊಂಡಳು.

ಶ್ರಾವಣದಲ್ಲಿ ಯಲಹಂಕದ ಸಣ್ಣ ಗುಡಿಯೊಂದರಲ್ಲಿ ಮದುವೆಯಾಯಿತು. ಊರಿನ ನೆಂಟರಲ್ಲಿ ಕೆಲವರು ಮುಖ ಸಿಂಡರಿಸಿದರು, ಕೆಲವರು ಬಂದು ಹೋಳಿಗೆ ಉಂಡರು.

ಸಿದ್ದಲಿಂಗನ ಮದುವೆ ಮಾತ್ರ ಅಷ್ಟು ಬೇಗ ಆಗಲಿಲ್ಲ. ಹೇಮಂತ ಅವಸರಪಡಿಸಿದರೂ ಸ್ಮಿತಾ ಒಪ್ಪಲಿಲ್ಲ. “ಮೊದ್ಲು ಆ ಹುಡುಗಿ ಬಾಯಿ ಬಿಡ್ಲಿ, ಹೇಮಂತ್,” ಎಂದಳು. ಸಿದ್ದಲಿಂಗನ ಮಗಳಿಗೆ ಯಾವುದು ಇಷ್ಟ, ಯಾರ ಮೇಲೆ ಸಿಟ್ಟು, ಅಪ್ಪ ತಡವಾಗಿ ಬಂದ ದಿನ ಏನು ಮಾಡುತ್ತಾಳೆ, ಯಾವುದೂ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಮನೆಯಲ್ಲಿ ಬರೆಯಲು ಕೂತಾಗ, ಒಳಗೆ ವನಿತಾ, ಶಿವಪ್ಪನವರು ಯಾವುದಕ್ಕೋ ಜೋರಾಗಿ ವಾದ ಮಾಡುತ್ತಿದ್ದರು. ಸ್ಮಿತಾ ಬಾಗಿಲು ಮುಚ್ಚಲಿಲ್ಲ. ಹಾಗೇ ಕೂತು ಬರೆಯತೊಡಗಿದಳು.