ಮಂಡಿಯೆತ್ತರದ ಕಿಂಡಿ

ನಮ್ಮದು ತಗಡಿನವರ ಮನೆ. ಹೋಟೆಲುಗಳ ಅಡುಗೆಮನೆಗೆ, ಬಣ್ಣದ ಕಾರ್ಖಾನೆಗೆ, ಮರದ ಮಿಲ್ಲಿಗೆ ಹೊಗೆ ಧೂಳು ಹೊರಹಾಕುವ ಕೊಳವೆಗಳನ್ನು ಅಪ್ಪ ಆಯುಷ್ಯವಿಡೀ ಮಾಡಿಕೊಟ್ಟ. ಮಂಡಿ ಸೋತ ಮೇಲೆ ಅವನ ಕತ್ತರಿ ತಮ್ಮನ ಕೈಗೆ ಬಂತು. ಊರಿನ ಅರ್ಧ ಹೊಗೆಯನ್ನು ಹೊರಗೆ ಹಾಕಿದ ಮನುಷ್ಯ ಉಳಿದರ್ಧವನ್ನು ತನ್ನ ಎದೆಯೊಳಗೆ ಹಾಕಿಕೊಂಡ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವನಿಗೆ ಸಿಗರೇಟು ಬೇಕು. ಅಮ್ಮ ಇದ್ದಾಗ ಅವನನ್ನು ಚಿಮಣಿ ಎಂದೇ ಕರೆಯುತ್ತಿದ್ದಳು. ಅವಳು ಹೋದ ಮೇಲೆ ಆ ಹಕ್ಕು ನನಗೆ ಬಂತು, ನಾನು ಅದನ್ನು ಧಾರಾಳವಾಗಿಯೇ ಬಳಸಿಕೊಂಡೆ. ನಾನು ಹಿರಿಮಗಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಅಪ್ಪ, ತಮ್ಮ ಇರುವ ಕಟ್ಟಡದಲ್ಲೇ ಕೆಳಗಿನ ಮಹಡಿಯಲ್ಲಿ ಒಬ್ಬಳೇ ಇರುವವಳು. ನನ್ನ ಕೋಪ ಮೂಗಿನ ತುದಿಯಲ್ಲಿದೆ ಎಂದು ಜನ ಹೇಳುತ್ತಾರೆ. ಹೊಗೆ ಸೇದುವವನ ಮನೆಯಲ್ಲಿ ಹುಟ್ಟಿದ ಮೂಗಿಗೆ ಇನ್ನೇನು ಸಿಗುತ್ತದೆ?

ತಗಡಿನವರ ಹತ್ತಿರ ಒಂದು ಪರೀಕ್ಷೆ ಇದೆ. ಕೊಳವೆ ಜೋಡಿಸಿ ಫ್ಯಾನು ಕೂರಿಸಿದ ಮೇಲೆ ಬೆರಳಗಲದ ತೆಳು ಕಾಗದದ ಪಟ್ಟಿಯೊಂದನ್ನು ಅದರ ಬಾಯಿಯ ಮುಂದೆ ಹಿಡಿಯುತ್ತಾರೆ. ಪಟ್ಟಿ ಕೊಳವೆಯ ಕಡೆಗೆ ಬಾಗಿದರೆ ಗಾಳಿ ಹೊರಗೆ ಹೋಗುತ್ತಿದೆ ಎಂದು ಅರ್ಥ. ಅಪ್ಪ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಪಟ್ಟಿ ಹಿಡಿದುಕೊಂಡು ಬಾಗಿಲು, ಕಿಟಕಿ, ಗೋಡೆಯ ಬಿರುಕು ಎಲ್ಲವನ್ನೂ ಸುತ್ತಿ ಬರುತ್ತಿದ್ದ. "ಹೊರಗೆ ಹೋಗೋದನ್ನ ಯಾವ ಪೆದ್ದನಾದ್ರೂ ನೋಡ್ತಾನೆ. ಎಷ್ಟು ಹೊರಗೆ ಹೋಗುತ್ತೋ ಅಷ್ಟು ಒಳಗೆ ಬಂದೇ ಬರುತ್ತೆ. ಎಲ್ಲಿಂದ ಬರುತ್ತೆ ಅಂತ ಸುತ್ತಿ ನೋಡೋನೇ ತಗಡಿನೋನು," ಎಂದು ತಮ್ಮನ ತಲೆಗೆ ಮೊಟಕುತ್ತಿದ್ದ. ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಗಿದೆ.

ತಮ್ಮನಿಗೆ ಮದುವೆಯಾಗಿ ತುಂಬ ವರ್ಷದ ಮೇಲೆ ಮಗು ಹುಟ್ಟಿತು. ಹೆಣ್ಣು. ಅಷ್ಟರಲ್ಲಿ ಗಂಡ ಹೆಂಡತಿ ಮಾತಾಡುವುದೇ ಕಡಿಮೆಯಾಗಿ, ಅವಳು ಎರಡು ಸಲ ಪೆಟ್ಟಿಗೆ ಕಟ್ಟಿ ತವರಿಗೆ ಹೊರಟು, ನಾನು ಮೆಟ್ಟಿಲಲ್ಲೇ ಅಡ್ಡ ನಿಂತು ವಾಪಸು ಕಳಿಸಿದ್ದೂ ಆಗಿತ್ತು. ಮಗುವನ್ನು ಮೊದಲ ಸಲ ಎತ್ತಿಕೊಂಡ ತಮ್ಮ, "ನೋಡಕ್ಕ, ರಿವೆಟ್ಟು! ಇಷ್ಟೇ ಇಷ್ಟು ಇದೆ. ಆದ್ರೆ ಎರಡು ತಗಡನ್ನ ಇನ್ನು ಯಾರೂ ಬಿಡಿಸೋಕಾಗಲ್ಲ," ಎಂದ. ತಗಡು ಬೆಸೆಯುವ ಆ ಪುಟ್ಟ ಮೊಳೆಯ ಹೆಸರೇ ನಿಂತಿತು, ಅವತ್ತಿನಿಂದ ಅವಳು ನಮಗೆಲ್ಲ ರಿವೆಟ್ಟೇ. ನನ್ನನ್ನು ಕಂಡರೆ ಸಾಕು, ಕೈಕಾಲು ನಾಲ್ಕನ್ನೂ ಒಟ್ಟಿಗೆ ಬಡಿಯುತ್ತಿದ್ದಳು. ಲಾಂಡ್ರಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮೂರನೆಯ ಮಹಡಿಗೆ ಓಡುತ್ತಿದ್ದೆ.

ಬಾಣಂತಿ ಮನೆಗೆ ಬಂದ ದಿನವೇ ಕೈಮುಗಿದು ಹೇಳಿದಳು. "ಮಾವ, ನೀವು ಏನು ಕೇಳಿದ್ರೂ ಮಾಡಿ ಹಾಕ್ತೀನಿ. ಮಗು ಇರೋ ಮನೇಲಿ ಸಿಗರೇಟು ಮಾತ್ರ ಬೇಡ."

ಅಪ್ಪ ಒಪ್ಪಿದ. ಬಿಡಲು ಪ್ರಯತ್ನವನ್ನೂ ಮಾಡಿದ, ಸುಳ್ಳು ಹೇಳಬಾರದು. ಕೈ ನಡುಗಿತು, ನಿದ್ದೆ ಹೋಯಿತು, ಲೋಟ ಎಸೆದ, ಆಮೇಲೆ ಕಳ್ಳನ ಹಾಗೆ ಅಡುಗೆಮನೆಯ ಮೂಲೆಯಲ್ಲಿ ಸೇದಿ ಸಿಕ್ಕಿಬಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅಪ್ಪನದು ಸುಟ್ಟೂ ಸುಟ್ಟೂ ಬಂದ ಗುಣ. ಬೀದಿಗೆ ಹೋಗಿ ಸೇದು ಎಂದರೆ ಮೆಟ್ಟಿಲು ಇಳಿಯಲು ಮಂಡಿ ಇಲ್ಲ.

ಆಗ ತಮ್ಮನಿಗೆ ಹೊಳೆಯಿತು. "ಊರಿಗೆಲ್ಲ ಹಾಕಿಕೊಡ್ತೀನಿ, ನಮ್ಮ ಮನೆಗೆ ಹಾಕೋಕಾಗಲ್ವಾ?" ಎಂದು ಹಿಂದಿನ ಬಚ್ಚಲುಮನೆಗೆ ಒಂದು ದೊಡ್ಡ ಫ್ಯಾನು ತಂದ. ನಮ್ಮ ಕಟ್ಟಡದ ನಡುವೆ ಒಂದು ಗಾಳಿಬಾವಿ ಇದೆ. ನಾಲ್ಕೂ ಕಡೆ ಗೋಡೆ, ಮೇಲೆ ಚೂರು ಆಕಾಶ. ಎಲ್ಲ ಮನೆಗಳ ಬಚ್ಚಲ ಕಿಟಕಿಗಳೂ ಅದರೊಳಕ್ಕೆ ತೆರೆಯುತ್ತವೆ. ಬೀದಿ ಕಡೆಯ ಗೋಡೆ ಕೊರೆಯಲು ಮಾಲೀಕ ಬಿಡಲಿಲ್ಲ. ಹಾಗಾಗಿ ತಮ್ಮ ಕೊಳವೆಯ ಬಾಯನ್ನು ಆ ಬಾವಿಗೆ ಬಿಟ್ಟ. "ಹೊಗೆ ಮೇಲಕ್ಕೆ ಹೋಗುತ್ತೆ, ಇನ್ನೆಲ್ಲಿಗೆ ಹೋಗುತ್ತೆ?" ಎಂದ.

ಕೆಲಸ ಅಚ್ಚುಕಟ್ಟಾಗಿತ್ತು. ಒಂದು ಕಡೆಯೂ ಸಂದಿಯಿಲ್ಲ. ತಮ್ಮ ಪಟ್ಟಿ ಹಿಡಿದ. ಅದು ಫ್ಯಾನಿನ ಕಡೆಗೆ ನೆಟ್ಟಗೆ ಚಾಚಿಕೊಂಡು ಪಟಪಟ ಬಡಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಪ್ಪ ಆಗಲೇ ಸ್ಟೂಲು ಎಳೆದುಕೊಂಡು ಒಳಗೆ ಕೂತು, ಕಡ್ಡಿಪೆಟ್ಟಿಗೆ ಅಲ್ಲಾಡಿಸುತ್ತಿದ್ದ. "ಆಯ್ತಲ್ಲೋ, ಇನ್ನು ಬಾಗಿಲು ಹಾಕು," ಎಂದ. ತಮ್ಮ ಪಟ್ಟಿಯನ್ನು ಜೇಬಿಗೆ ತುರುಕಿ ಬಾಗಿಲು ಹಾಕಿದ. ಹಜಾರದಲ್ಲಿ ನಿಂತು ನಾನು ಮೂಗು ಅರಳಿಸಿ ನೋಡಿದೆ. ಒಂದಿಷ್ಟೂ ವಾಸನೆಯಿಲ್ಲ. ನನ್ನ ತಮ್ಮನ ಬಗ್ಗೆ ಅವತ್ತು ನನಗೆ ಹೆಮ್ಮೆಯಾಯಿತು.

ಆಮೇಲೆ ಚಳಿ ಶುರುವಾಯಿತು. ಮಗುವಿಗೆ ಮೊದಲ ನೆಗಡಿ ಆದದ್ದೇ ತಡ, ತಮ್ಮನ ಹೆಂಡತಿ ಕಿಟಕಿಗಳ ಸಂದಿಗೆಲ್ಲ ಟೇಪು ಹಚ್ಚಿದಳು. ಹಳೆಯ ಇಸ್ತ್ರಿ ಮೇಜಿನ ದಪ್ಪ ಬಟ್ಟೆ ನಾನೇ ತಂದುಕೊಟ್ಟೆ. ಅದನ್ನು ಸುರುಳಿ ಸುತ್ತಿ ಹೊರಬಾಗಿಲ ಅಡಿಗೆ ಇಟ್ಟಳು. ತೊಟ್ಟಿಲನ್ನು ಕಿಟಕಿಯ ಹತ್ತಿರದಿಂದ ತೆಗೆದು ಒಳಗೋಡೆಗೆ ಒತ್ತಿ ಇಟ್ಟರು. ಆ ಗೋಡೆಯಲ್ಲಿ, ಮಂಡಿಯ ಎತ್ತರದಲ್ಲಿ, ಕಬ್ಬಿಣದ ಜಾಲರಿಯ ಒಂದು ಕಿಂಡಿ ಇತ್ತು. ಹಿಂದೆ ಇದ್ದವರು ಕೋಣೆಯಲ್ಲಿ ಒಲೆ ಉರಿಸುತ್ತಿದ್ದಾಗ ಗಾಳಿಗೆಂದು ಕೊರೆಸಿದ್ದು. ಅವಳು ಅದಕ್ಕೂ ಟೇಪು ಹಚ್ಚಲು ಹೋದಾಗ ತಮ್ಮ ಕೈಹಿಡಿದು ತಡೆದ.

"ಅದೊಂದನ್ನ ಬಿಡೇ. ಮಗೂಗೆ ಸ್ವಲ್ಪ ಒಳ್ಳೆ ಗಾಳಿ ಬೇಕಲ್ಲ."

ಅವಳು ಅದರ ಮುಂದೆ ಹಕ್ಕಿ ಚಿತ್ರದ ತೆಳು ಬಟ್ಟೆ ಇಳಿಬಿಟ್ಟಳು. ತೊಟ್ಟಿಲಿಂದ ಮಗು ಆ ಹಕ್ಕಿಗಳು ಅಲ್ಲಾಡುವುದನ್ನೇ ನೋಡುತ್ತ ಮಲಗಿರುತ್ತಿತ್ತು.

ನೆಗಡಿ ಎದೆಗಿಳಿಯಿತು. ಮಗು ಉಸಿರಾಡಿದರೆ ಎಲ್ಲೋ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಸದ್ದು. ಹಾಲು ಎರಡು ಗುಟುಕು ಎಳೆದು ಬಿಟ್ಟು ಏದುಸಿರು. ಒಂದು ಮಧ್ಯಾಹ್ನ ಪಕ್ಕೆಯೆಲುಬಿನ ಕೆಳಗೆ ಚರ್ಮ ಗುಳಿಬೀಳುವುದನ್ನು ನೋಡಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಮೂಗಿಗೆ ನಳಿಗೆ ಹಾಕಿ ಆಮ್ಲಜನಕ ಕೊಟ್ಟರು. ಮಕ್ಕಳ ಡಾಕ್ಟರು ಕಣ್ಣು ಕೆಂಪಾದ, ಸಣಕಲು ಹೆಂಗಸು. ಮೊದಲು ಕೇಳಿದ್ದೇ, "ಮನೇಲಿ ಯಾರು ಸಿಗರೇಟು ಸೇದ್ತೀರಿ?"

"ಮನೆ ಒಳಗೆ ಯಾರೂ ಇಲ್ಲ ಡಾಕ್ಟ್ರೇ," ಎಂದ ತಮ್ಮ. "ಅಪ್ಪ ಬಚ್ಚಲಲ್ಲಿ ಸೇದ್ತಾರೆ. ಬಾಗಿಲು ಹಾಕಿರುತ್ತೆ. ಫ್ಯಾನ್ ಹಾಕಿದ್ದೀನಿ."

"ಫ್ಯಾನ್ ಸಾಕಾಗಲ್ಲ. ಮಗೂ ಉಸಿರಿನ ನಾಳಗಳು ದಾರದಷ್ಟು ಸಣ್ಣ. ನಿಮಗಿಂತ ಎರಡು ಪಾಲು ಜೋರಾಗಿ ಉಸಿರಾಡುತ್ತೆ, ಅಷ್ಟೇ ಹೊಗೆನೂ ಎಳ್ಕೊಳ್ಳುತ್ತೆ. ಈ ಸೋಂಕು ಎಲ್ಲ ಮಕ್ಕಳಿಗೂ ಬರುತ್ತೆ, ಹೋಗುತ್ತೆ. ಹೊಗೆ ಕುಡಿದ ಎದೆಗೆ ಅದನ್ನ ತಡ್ಕೊಳ್ಳೋ ಶಕ್ತಿ ಇರಲ್ಲ. ಅವರು ಬಿಡಲಿ, ಇಲ್ಲಾ ಬೇರೆ ಕಡೆ ಇರಲಿ. ಇದರಲ್ಲಿ ಅರ್ಧಂಬರ್ಧ ಅನ್ನೋದು ಇಲ್ಲ."

ಹೊರಗೆ ಬಂದ ಮೇಲೆ ತಮ್ಮ ನಕ್ಕ. "ಅವರಿಗೆ ಎದೆ ವಿಷಯ ಗೊತ್ತಕ್ಕ. ಗಾಳಿ ವಿಷಯ ನಂಗೊತ್ತು." ನಾನೂ ತಲೆಯಾಡಿಸಿದೆ. ತಗಡಿನವರ ಮನೆಯ ಮಗಳಲ್ಲವೇ!

ಆದರೂ ಡಾಕ್ಟರ ಮಾತು ಎಲ್ಲೋ ನಾಟಿತ್ತು. ತಮ್ಮ ಒಂದು ಹೊಸ ನಿಯಮ ಮಾಡಿದ. ಫ್ಯಾನು ಸೇದುವಾಗ ಮಾತ್ರವಲ್ಲ, ದಿನವಿಡೀ ತಿರುಗುತ್ತಿರಬೇಕು. ಹೆಂಡತಿ ಇನ್ನೊಂದು ಸುತ್ತು ಟೇಪು ಹಚ್ಚಿದಳು. ಆಸ್ಪತ್ರೆಯಲ್ಲಿ ಕೆಂಪಗೆ ಅರಳಿಕೊಂಡು ಬಂದ ಮಗು ಮನೆಗೆ ಬಂದ ವಾರದೊಳಗೆ ಮತ್ತೆ ಕಿರುಗುಟ್ಟತೊಡಗಿತು. ಮತ್ತೆ ಆಸ್ಪತ್ರೆಗೆ ಹೋಯಿತು, ಮತ್ತೆ ಗೆಲುವಾಯಿತು, ಮತ್ತೆ ಮನೆಗೆ ಬಂತು. ಮನೆಗಿಂತ ಆಸ್ಪತ್ರೆಯೇ ಅವಳಿಗೆ ಒಗ್ಗುತ್ತೆ ಎಂದು ನಾವೇ ತಮಾಷೆ ಮಾಡಿದೆವು. ಕಣ್ಣೆದುರು ಇಟ್ಟ ಉತ್ತರವನ್ನು ತಮಾಷೆ ಮಾಡಿ ದಾಟಿಹೋದ ಮೂರ್ಖರು ನಾವು.

ಒಂದು ದಿನ ಮಗುವಿನ ಹೊದಿಕೆಗಳನ್ನು ಒಗೆಯಲು ಒಯ್ದಿದ್ದೆ. ಬಿಸಿನೀರಿಗೆ ಹಾಕುತ್ತಲೇ ಸಿಗರೇಟಿನ ವಾಸನೆ ಮುಖಕ್ಕೆ ಬಡಿಯಿತು. ನೆತ್ತಿಗೇರಿದ ಕೋಪದಲ್ಲಿ ಒದ್ದೆ ಕೈಯಲ್ಲೇ ಮೇಲೆ ಹೋದೆ.

"ಏ ಚಿಮಣಿ, ಸೇದಿದ ಅಂಗೀಲೇ ಮಗೂನ ಎತ್ಕೊಳ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಇಲ್ಲ ಕಣೇ," ಎಂದ ಅಪ್ಪ. "ಸೇದಿದ ಮೇಲೆ ಅಂಗಿ ಬದಲಾಯಿಸ್ತೀನಿ. ಕೈ ತೊಳೀತೀನಿ. ನಿನ್ನಮ್ಮನಾಣೆ."

ಸತ್ತವಳ ಮೇಲೆ ಆಣೆ ಸಲೀಸು ಎಂದು ಬೈದೆ. ಅವನು ಅವತ್ತಿನಿಂದ ಮಗುವನ್ನು ಮುಟ್ಟುವುದನ್ನೇ ಬಿಟ್ಟ. ಕೋಣೆಯ ಹೊಸ್ತಿಲಾಚೆ ಕೋಲೂರಿ ನಿಂತು, ನಾಲಗೆಯಿಂದ ಕುದುರೆ ಓಡಿಸುವ ಸದ್ದು ಮಾಡುತ್ತಿದ್ದ. ರಿವೆಟ್ಟು ತೊಟ್ಟಿಲಿಂದ ಕತ್ತು ತಿರುಗಿಸಿ ಅವನತ್ತ ಕೈ ಚಾಚುತ್ತಿದ್ದಳು. ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ದುಃಖಕ್ಕೆ ಇನ್ನೊಂದು ಸಿಗರೇಟು.

ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ತುಟಿಯ ಅಂಚು ನೀಲಿಯಾಗಿತ್ತು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಉಸಿರಾಟದ ಯಂತ್ರ ಹಾಕಿದರು. ಡಾಕ್ಟರು ಈ ಸಲ ಏನೂ ಕೇಳಲಿಲ್ಲ. ಅವರ ಕೈ ಬಿಡುವಿಲ್ಲದೆ ಓಡುತ್ತಿತ್ತು. ಬೆಳಕು ಹರಿದು, ಹೊರಗೆ ಗುಡಿಸುವವರು ಬಂದು, ಬೇರೆ ಮಕ್ಕಳ ತಾಯಂದಿರು ಹಾಲಿಗೆ ಬಿಸಿನೀರು ಕೇಳುತ್ತಿದ್ದ ಹೊತ್ತಿಗೆ ನಮ್ಮ ರಿವೆಟ್ಟು ಹೋಗಿಬಿಟ್ಟಳು. ಆ ಪುಟ್ಟ ಎದೆ ಅಷ್ಟು ದಿನ ಓಡಿದ ಓಟ ನಿಂತಿತ್ತು. ನನಗೆ ಅಳು ಬರಲಿಲ್ಲ. ಯಾರನ್ನಾದರೂ ಹಿಡಿದು ಹೊಡೆಯಬೇಕು ಅನ್ನಿಸಿತು, ಯಾರನ್ನು ಎಂದು ಗೊತ್ತಿರಲಿಲ್ಲ.

ಬಂದವರೆಲ್ಲ ಹಣೆಬರಹ ಎಂದರು. ದೇವರು ಕೊಟ್ಟ, ದೇವರು ಕಿತ್ತುಕೊಂಡ ಎಂದರು. ಆ ದೇವರನ್ನು ಆಗಲೇ ನಾನು ಮನಸಾರೆ ಬೈದಿದ್ದೆ. ಸುಮ್ಮನೆ ಬೈಸಿಕೊಂಡ, ಪಾಪ.

ಕೆಲವು ದಿನ ಕಳೆದು, ಒಂದು ರಜೆಯ ಮಧ್ಯಾಹ್ನ, ನಾನು ಕೋಣೆಯಲ್ಲಿ ಕೂತು ಮಗುವಿನ ಬಟ್ಟೆಗಳನ್ನು ಮಡಿಸುತ್ತಿದ್ದೆ. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಅದು ಇದ್ದ ಜಾಗದಲ್ಲಿ ತಮ್ಮನ ಹೆಂಡತಿ ಬರಿನೆಲದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದಳು. ಎಲ್ಲ ದಿನವೂ ಅಲ್ಲೇ ಮಲಗುತ್ತಿದ್ದಳು. ಇದ್ದಕ್ಕಿದ್ದಂತೆ ಮೊಣಕೈ ಊರಿ ಎದ್ದಳು.

"ಅತ್ತಿಗೆ, ಸಿಗರೇಟು ವಾಸನೆ."

"ಬಟ್ಟೇದು ಕಣೇ. ಎಷ್ಟು ಒಗೆದ್ರೂ ಹೋಗಲ್ಲ."

"ಅಲ್ಲ. ಇಲ್ಲಿ ಬಗ್ಗಿ ನೋಡಿ."

ನಾನು ಅವಳ ಪಕ್ಕ ಮಂಡಿಯೂರಿ ತಲೆಯನ್ನು ನೆಲದ ಹತ್ತಿರ ತಂದೆ. ಅಪ್ಪ ಎದುರಿಗೆ ಕೂತು ಮುಖಕ್ಕೇ ಊದಿದ ಹಾಗಿತ್ತು. ನಿಂತಾಗ ಸಿಗದ ವಾಸನೆ, ತೊಟ್ಟಿಲಿನ ಎತ್ತರಕ್ಕೆ ಬಗ್ಗಿದರೆ ಗಂಟಲಿಗೇ ಇಳಿಯಿತು. ಹಕ್ಕಿ ಚಿತ್ರದ ಬಟ್ಟೆ ಮೆಲ್ಲಗೆ ನಮ್ಮ ಕಡೆಗೆ ಉಬ್ಬುತ್ತಿತ್ತು.

ತಮ್ಮನನ್ನು ಕೂಗಿದೆ. ಅವನು ಬಂದು ನಮ್ಮಿಬ್ಬರನ್ನೂ ನೋಡಿದ, ಆ ಬಟ್ಟೆಯನ್ನು ನೋಡಿದ. ಮಗುವಿನ ಬಾಯೊರೆಸುವ ಕಾಗದದ ಡಬ್ಬಿಯಿಂದ ಒಂದನ್ನೆಳೆದು ಬೆರಳಗಲಕ್ಕೆ ಹರಿದ. ಬಟ್ಟೆ ಸರಿಸಿ, ಕೂತು, ಪಟ್ಟಿಯನ್ನು ಕಿಂಡಿಯ ಮುಂದೆ ಹಿಡಿದ. ಪಟ್ಟಿ ಅವನ ಎದೆಯ ಕಡೆಗೆ ಬಾಗಿತು.

"ಅಕ್ಕಾ, ಫ್ಯಾನ್ ಆರಿಸು."

ಬಚ್ಚಲಿನ ಹೊರಗಿದ್ದ ಗುಂಡಿ ಒತ್ತಿ ಬಂದೆ. ಪಟ್ಟಿ ನೆಟ್ಟಗೆ ಇಳಿಬಿದ್ದಿತ್ತು. "ಹಾಕು," ಎಂದ. ಹಾಕಿದೆ. ಮತ್ತೆ ಅವನ ಎದೆಗೆ ಬಾಗಿತು. ಫ್ಯಾನು ಮನೆಯ ಗಾಳಿಯನ್ನೆಲ್ಲ ಬಾವಿಗೆ ದಬ್ಬುತ್ತಿತ್ತು. ಖಾಲಿಯಾದ ಮನೆಗೆ ಗಾಳಿ ಬರಬೇಕೆಂದರೆ ಕಿಟಕಿಗೆ ಟೇಪು, ಬಾಗಿಲಿಗೆ ನಾನು ತಂದುಕೊಟ್ಟ ಬಟ್ಟೆ. ಉಳಿದದ್ದು ಈ ಕಿಂಡಿಯೊಂದೇ, ಅದೂ ತೆರೆಯುವುದು ಅದೇ ಬಾವಿಗೆ. ಅಪ್ಪ ಬಿಟ್ಟ ಹೊಗೆ ಒಂದು ಗೋಡೆ ಸುತ್ತಿಕೊಂಡು ನೆಟ್ಟಗೆ ತೊಟ್ಟಿಲಿಗೆ ಬರುತ್ತಿತ್ತು. ನಾವು ಮನೆಯನ್ನು ಭದ್ರ ಮಾಡಿದಷ್ಟೂ, ಫ್ಯಾನು ಹೆಚ್ಚು ಹೊತ್ತು ಓಡಿಸಿದಷ್ಟೂ, ಇನ್ನೂ ಜೋರಾಗಿ ಬಂದಿತ್ತು.

ಫ್ಯಾನು ನಿಂತು ಶುರುವಾದದ್ದಕ್ಕೆ ಅಪ್ಪ ಬಚ್ಚಲಿನಿಂದ ಎದ್ದುಬಂದಿದ್ದ. ಹೊಸ್ತಿಲಲ್ಲಿ, ಕುದುರೆ ಓಡಿಸುತ್ತಿದ್ದ ಜಾಗದಲ್ಲೇ ನಿಂತ. ಬೆರಳ ಸಂದಿಯಲ್ಲಿ ಸಿಗರೇಟು ಇನ್ನೂ ಉರಿಯುತ್ತಿತ್ತು. ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ. ಪಟ್ಟಿ ಬಾಗಿದ್ದನ್ನು ನೋಡಿದ, ಅಷ್ಟೇ.

"ಫ್ಯಾನ್ ಹಾಕಿದ ದಿನ ಸುತ್ತಿ ನೋಡಿದ್ಯೇನೋ?" ಎಂದ.

"ಇಲ್ಲಪ್ಪ."

ಅಪ್ಪ ಬೆರಳ ಸಂದಿಯ ಸಿಗರೇಟನ್ನು ನೋಡಿಕೊಂಡ. "ಕೇಳ್ಬೇಕು ಅಂತ ಬಾಯಿಗೆ ಬಂದಿತ್ತು ಕಣೋ. ಆದ್ರೆ ಸಿಗರೇಟು ಹಚ್ಚೋ ಆತುರ ನಂಗೆ."

ಪ್ರೀತಿಯೇ ಮುಳುವಾಯಿತು ಎಂದು ಆಮೇಲೆ ಯಾರೋ ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ಫ್ಯಾನು, ಟೇಪು, ಕಿಂಡಿ ದಾರಿ ಮಾಡಿಕೊಟ್ಟವು, ನಿಜ. ದಾರಿಯಲ್ಲಿ ನಡೆದು ಬಂದದ್ದು ಸಿಗರೇಟಿನ ಹೊಗೆ. ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದನ್ನು ಕೇಳಿ ನಕ್ಕು ಬಂದವರು ನಾವು.

ತಮ್ಮ ಪಟ್ಟಿ ಹಿಡಿದುಕೊಂಡೇ ಕೂತಿದ್ದ. ಅವನ ಹೆಂಡತಿ ಅವನನ್ನು ನೋಡಿ, "ಇದನ್ನೂ ಮುಚ್ತೀನಿ ಅಂದಿದ್ದೆ," ಎಂದಳು. ಬೈಯಲಿಲ್ಲ, ಅಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಉಗುರಿನಿಂದ ಟೇಪು ಎಬ್ಬಿಸಿ, ಒಂದೊಂದೇ ಎಳೆಯನ್ನು ಕಿತ್ತು, ಎರಡೂ ಬಾಗಿಲನ್ನು ತಳ್ಳಿ ತೆಗೆದಳು. ಬೀದಿಯ ಚಳಿಗಾಳಿ ಕೋಣೆಗೆಲ್ಲ ನುಗ್ಗಿತು. ಮುಚ್ಚು, ಮಗೂಗೆ ಶೀತ ಆಗುತ್ತೆ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.